ಹೊಟ್ಟೆನೋವು ತಾಳಲಾರದೆ

"ಹೊಟ್ಟೆನೋವಿತ್ತಾ?" ಹೆಡ್ ಕಾನ್‌ಸ್ಟೆಬಲ್ ಲೋಕೇಶ್ ಕೇಳಿದ.

"ಇಲ್ಲ," ಅಂದಳು ಪ್ರೀತಿ.

"ಕುಡೀತಿದ್ನಾ?"

"ಇಲ್ಲ."

"ಹಬ್ಬಕ್ಕೆ ಹುಣ್ಣಿಮೆಗೆ?"

"ಅವ್ರು ಬೀಡೀನೂ ಮುಟ್ತಿರಲಿಲ್ಲ ಸಾರ್."

ಲೋಕೇಶ್ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡ. ಅವನಿಗೆ ಕೋಪವೇನೂ ಬಂದಿರಲಿಲ್ಲ. ಶವಾಗಾರದ ಮುಂದಿನ ಇದೇ ಬೆಂಚಿನ ಮೇಲೆ ಕೂತು ಇದೇ ಪ್ರಶ್ನೆಗಳನ್ನು ಕೇಳುತ್ತ ಅವನ ತಲೆಗೂದಲು ಉದುರಿತ್ತು. ಬರೆದುಕೊಳ್ಳಲು ಅವನಿಗೊಂದು ಕಾರಣ ಬೇಕು. ಕಾರಣ ಹೇಳದೆ ಸತ್ತವರೆಂದರೆ ಸರ್ಕಾರಕ್ಕೆ ಅಜೀರ್ಣ.

"ಮಕ್ಕಳಾಗಿಲ್ಲ ಅಂದ್ರಿ. ಆ ಕೊರಗಾ?"

"ಮದ್ವೆಯಾಗಿ ನಾಕೇ ವರ್ಷ ಸಾರ್."

"ನಿಮ್ಮಿಬ್ರಿಗೆ ಜಗಳ ಗಿಗಳ?"

ಪ್ರೀತಿ ಅವನ ಮುಖವನ್ನೇ ನೋಡಿದಳು. "ಅಪಾರ್ಟ್‌ಮೆಂಟಲ್ಲಿ ಬಟ್ಟೆ ಬಿಚ್ಚಿಸಿ ನಿಲ್ಸುದ್ರು ಸಾರ್. ಲಿಫ್ಟ್ ಮುಂದೆ. ಎಲ್ಲರ ಎದುರಿಗೆ. ಅದನ್ನ ಬರ್ಕೊಳಿ."

ಪೆನ್ನು ನಿಂತಿತು. ಲೋಕೇಶ್ ಮೊದಲ ಸಲ ತಲೆಯೆತ್ತಿ ಅವಳನ್ನು ಸರಿಯಾಗಿ ನೋಡಿದ.

"ಅದು ಭಾನುವಾರದ ಮಾತು ಅಂತೀರಿ. ಸತ್ತಿರೋದು ಮಂಗಳವಾರ. ಮಧ್ಯದಲ್ಲಿ ಸೋಮವಾರ ಕೆಲಸಕ್ಕೆ ಹೋಗವ್ನೆ, ಮೋಟರ್ ರಿಪೇರಿ ಮಾಡವ್ನೆ. ಅವಮಾನ ಆದವ್ನು ಕೆಲಸಕ್ಕೆ ಹೋಯ್ತಾನೇನಮ್ಮ? ಅದು ಬೇರೆ, ಇದು ಬೇರೆ."

ಅವನು ಬರೆದ. ಬರೆದು ಓದಿದ. ಮೃತನು ಬಹಳ ದಿನಗಳಿಂದ ಹೊಟ್ಟೆನೋವಿನಿಂದ ಬಳಲುತ್ತಿದ್ದು, ಚಿಕಿತ್ಸೆ ಕೊಡಿಸಿದರೂ ಗುಣವಾಗದೆ, ಹೊಟ್ಟೆನೋವು ತಾಳಲಾರದೆ ಜೀವನದಲ್ಲಿ ಜಿಗುಪ್ಸೆಗೊಂಡು ಆತ್ಮಹತ್ಯೆ ಮಾಡಿಕೊಂಡು ಮೃತಪಟ್ಟಿದ್ದು, ಸಾವಿನ ಬಗ್ಗೆ ನಮಗೆ ಯಾರ ಮೇಲೂ ಅನುಮಾನವಿರುವುದಿಲ್ಲ.

ಜಿಗುಪ್ಸೆ. ಆ ಪದವನ್ನು ಅವಳ ಗಂಡ ಸಿದ್ದೇಶ್ ತನ್ನ ಜನ್ಮದಲ್ಲಿ ಒಮ್ಮೆಯೂ ಆಡಿರಲಿಲ್ಲ. ಹೊಟ್ಟೆಯೋ, ಕಲ್ಲು ಹಾಕಿದರೂ ಅರಗಿಸಿಕೊಳ್ಳುವ ಹೊಟ್ಟೆ. ಆದರೇನು. ಬಡವರಿಗೆ ಬರುವ ಹೊಟ್ಟೆನೋವಿಗೆ ಈ ರಾಜ್ಯದಲ್ಲಿ ಮದ್ದೇ ಇಲ್ಲ. ಗಂಡ ಹೊಡೆದರೆ ಹೊಟ್ಟೆನೋವು. ಧಣಿ ಒದ್ದರೆ ಹೊಟ್ಟೆನೋವು. ಜಾತಿ ಕೇಳಿ ಮದುವೆ ಮುರಿದರೆ ಹೊಟ್ಟೆನೋವು. ಮಾರನೆಯ ದಿನ ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು. ಅದರ ಪಕ್ಕದಲ್ಲಿ ಸೀರೆ ಅಂಗಡಿಯ ಜಾಹೀರಾತು.

"ನಾನು ಸೈನ್ ಮಾಡಲ್ಲ," ಅಂದಳು ಪ್ರೀತಿ.

"ಮಾಡಬೇಡಿ. ಸೈನ್ ಇಲ್ಲ ಅಂದ್ರೆ ಪೋಸ್ಟ್‌ಮಾರ್ಟಂ ಇಲ್ಲ. ಬಾಡಿ ಇಲ್ಲೇ ಇರ್ಲಿ. ಒಳಗಡೆ ಫ್ರೀಜರ್ ಕೆಟ್ಟದೆ, ಆಮೇಲೆ ನನ್ನ ಕೇಳಬೇಡಿ."

ಇಷ್ಟು ಹೊತ್ತೂ ಗೋಡೆಗೆ ತಲೆಯಾನಿಸಿ ಕೂತಿದ್ದ ಅತ್ತೆ ಮುದ್ದಮ್ಮ ಎದ್ದು ಬಂದಳು. ಒಳಗೆ ಮಲಗಿದ್ದವನು ಅವಳಿಗೆ ಉಳಿದಿದ್ದ ಒಬ್ಬನೇ ಮಗ. ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ. ಎಡಗೈ ಹೆಬ್ಬೆಟ್ಟನ್ನು ಮುಂದಕ್ಕೆ ಚಾಚಿದಳು.

"ಅತ್ತೆ, ಬ್ಯಾಡಿ."

"ನಂಗೆ ನನ್ ಮಗ ಬೇಕು ಕಣವ್ವ. ಅವ್ನು ಏನಾರ ಬರ್ಕಳ್ಳಿ."

ಲೋಕೇಶ್ ಇಂಕಿನ ಡಬ್ಬಿ ತೆರೆದ. ಮಧ್ಯಾಹ್ನಕ್ಕೆ ಹೆಣ ಕೊಟ್ಟರು. ಸಿದ್ದೇಶ್ ಮಣ್ಣಿಗೆ ಹೋದ. ಹೊಟ್ಟೆನೋವು ಸರ್ಕಾರದ ಲೆಕ್ಕಕ್ಕೆ ಹೋಯಿತು.

*

ಸಿದ್ದೇಶನ ಊರು ನಂಜನಗೂಡಿನ ಆಚೆ. ಐಟಿಐ ಓದಿಕೊಂಡು ಮೈಸೂರಿಗೆ ಬಂದವನು. ಬೋಗಾದಿಯ ಹಳೇ ಊರಿನ ಒಳಗೆ ಎರಡು ಕೋಣೆಯ ಬಾಡಿಗೆ ಮನೆ. ಗೋಡೆಯ ಮೇಲೆ ಮುದ್ದಮ್ಮನ ಮಾದಪ್ಪ, ಅದರ ಪಕ್ಕಕ್ಕೆ ಸಿದ್ದೇಶ್ ತಂದು ಮೊಳೆ ಹೊಡೆದ ಬುದ್ಧ ಮತ್ತು ಬಾಬಾಸಾಹೇಬರು. ಮೂವರಿಗೂ ಮುದ್ದಮ್ಮ ಒಂದೇ ಊದುಕಡ್ಡಿ ಹಚ್ಚುತ್ತಿದ್ದಳು.

ದಟ್ಟಗಳ್ಳಿಯ ಆ ಅಪಾರ್ಟ್‌ಮೆಂಟಿನಲ್ಲಿ ಅವನು ಎಲೆಕ್ಟ್ರಿಷಿಯನ್ ಅಂತ ಸೇರಿದ್ದು. ಹೆಸರಿಗೆ ಎಲೆಕ್ಟ್ರಿಷಿಯನ್. ನಲ್ಲಿ ಸೋರಿದರೂ ಅವನೇ, ಲಿಫ್ಟ್ ನಿಂತರೂ ಅವನೇ, ಟೆರೇಸಿನಲ್ಲಿ ಪಾರಿವಾಳ ಸತ್ತರೂ ಅವನೇ. ನೆಲಮಾಳಿಗೆಯಲ್ಲಿ ಇಡೀ ಕಟ್ಟಡದ ಕಕ್ಕಸಿನ ನೀರು ಶುದ್ಧಿಯಾಗುವ ತೊಟ್ಟಿ ಇತ್ತು. ಅದರ ಪಂಪು ಕಟ್ಟಿಕೊಂಡಾಗ ಏಜೆನ್ಸಿಯವರನ್ನು ಕರೆಸಬೇಕಿತ್ತು. ಅಸೋಸಿಯೇಷನ್ ಸೆಕ್ರೆಟರಿ ಶಿವಪ್ರಕಾಶ್, "ನಮ್ಮ ಸಿದ್ದೇಶ್ ಇದಾನಲ್ಲ" ಅನ್ನುತ್ತಿದ್ದ. ಇನ್ನೊಬ್ಬ ಎಲೆಕ್ಟ್ರಿಷಿಯನ್ ಇದ್ದ. ಅವನನ್ನು ಯಾವತ್ತೂ ಆ ತೊಟ್ಟಿಗೆ ಇಳಿಸಲಿಲ್ಲ. ಇಬ್ಬರ ಜಾತಿಯೂ ಸೆಕ್ರೆಟರಿಗೆ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಬೇಕಿರಲಿಲ್ಲ.

ತೊಟ್ಟಿಗೆ ಇಳಿದ ದಿನ ಸಿದ್ದೇಶ್ ಹಿತ್ತಲ ನಲ್ಲಿಯ ಕೆಳಗೆ ಕೂತು ಮೈ ಉಜ್ಜುತ್ತಲೇ ಇರುತ್ತಿದ್ದ. ಸೋಪು ಸವೆದು ಬಿಲ್ಲೆಯಾಗುವವರೆಗೂ. ಪ್ರೀತಿ ಬೆನ್ನು ಉಜ್ಜಲು ಹೋದರೆ, "ಮುಟ್ಟಬೇಡ, ಇನ್ನೂ ವಾಸ್ನೆ ಐತೆ" ಅನ್ನುತ್ತಿದ್ದ. ವಾಸನೆ ಇರುತ್ತಿರಲಿಲ್ಲ. ಅವಳೂ ಹಾಸ್ಟೆಲ್ ಮೆಸ್ಸಿನಲ್ಲಿ ದಿನವಿಡೀ ಚಪಾತಿ ಬೇಯಿಸಿ ಮೊಣಕೈವರೆಗೂ ಸುಟ್ಟ ಗುರುತು ಹೊತ್ತವಳು. ಅವಳಿಗೆ ಅಸಹ್ಯ ಅನ್ನುವುದೇ ಗೊತ್ತಿರಲಿಲ್ಲ. ಅವನ ಬೆನ್ನನ್ನು ಹಟ ಹಿಡಿದು ಉಜ್ಜುತ್ತಿದ್ದಳು.

ಆ ಭಾನುವಾರ ನಡೆದದ್ದನ್ನು ಸಿದ್ದೇಶ್ ಹೆಂಡತಿಗೆ ಅರ್ಧ ಹೇಳಿದ್ದ. ಇನ್ನರ್ಧ ಹೇಳಿದವನು ಗೇಟಿನ ಕಾವಲುಗಾರ ಕೆಂಪಯ್ಯ. ತಿಥಿಯ ದಿನ ಬಂದು ಜಗಲಿಯ ಅಂಚಿನಲ್ಲಿ ಕೂತ. ಪ್ರೀತಿ ನೀರು ಕೊಟ್ಟಳು. ಕುಡಿಯಲಿಲ್ಲ. ಜಾತಿಗೋ ನಾಚಿಕೆಗೋ ಅವಳಿಗೆ ತಿಳಿಯಲಿಲ್ಲ.

ಮೂರನೇ ಮಹಡಿಯ ಚಾಮುಂಡೇಶ್ವರಿ ಅನ್ನುವವರ ಬ್ರೇಸ್‌ಲೆಟ್ ಕಾಣೆಯಾಗಿತ್ತು. ಬೆಳಿಗ್ಗೆ ಅವರ ಮನೆಯ ಗೀಸರ್ ನೋಡಲು ಹೋಗಿದ್ದವನು ಸಿದ್ದೇಶ್. ಸಂಜೆ ಶಿವಪ್ರಕಾಶ್ ಅವನನ್ನು ಕೆಳಗಿನ ಲಾಬಿಗೆ ಕರೆಸಿದ. ಜೇಬು ತೆಗೆಸಿದ. ಟೆಸ್ಟರು, ಬಸ್ ಟಿಕೆಟು, ಅರ್ಧ ತಿಂದ ಕಡಲೆ ಮಿಠಾಯಿ. ಅಂಗಿ ಬಿಚ್ಚಿಸಿದ. ಪ್ಯಾಂಟು ಬಿಚ್ಚಿಸಿದ. "ನಿಮ್ಮ ಜನಕ್ಕೆ ಕೈಚಳಕ ರಕ್ತದಲ್ಲೇ ಬಂದಿರ್ತದೆ" ಅಂದ. ಕೆಂಪಯ್ಯನಿಗೆ, "ನೋಡೋ, ಸರಿಯಾಗಿ ತಡಕಾಡೋ" ಅಂದ.

"ನಾನೇ ತಡಕಾಡ್ದೆ ಕಣವ್ವ," ಅಂದ ಕೆಂಪಯ್ಯ ನೆಲ ನೋಡುತ್ತ. "ಅವ್ನು ನನ್ನನ್ನ ಅಣ್ಣ ಅಂತಿದ್ದ. ಅಣ್ಣ, ಕಚಗುಳಿ ಆಯ್ತದೆ ಅಂದ. ನಗಕ್ ನೋಡ್ದ. ಆಗ್ಲಿಲ್ಲ. ಈಜಕ್ಕೆ ಹೋಗಿದ್ದ ಮಕ್ಕಳು ಬಂದ್ವು. ಅವೂ ನಿಂತ್ಕಂಡು ನೋಡುದ್ವು. ಒಬ್ರು ಫೋನಲ್ಲಿ ಹಿಡ್ದು ಓನರ್‌ಗಳ ಗ್ರೂಪಿಗೆ ಹಾಕುದ್ರು."

ಸೋಮವಾರ ಬ್ರೇಸ್‌ಲೆಟ್ ಸಿಕ್ಕಿತು. ವಾಷಿಂಗ್ ಮಷೀನಿನ ಒಳಗೆ, ಟವೆಲ್ಲಿನ ಮಡಿಕೆಯಲ್ಲಿ. ಅದೇ ದಿನ ಮೋಟರು ಕೆಟ್ಟಿತು. ಶಿವಪ್ರಕಾಶ್ ಸಿದ್ದೇಶನಿಗೆ ಫೋನ್ ಮಾಡಿದ. ಕ್ಷಮೆ ಕೇಳಲು ಅಲ್ಲ. "ನೀರಿಲ್ಲ, ಬೇಗ ಬಾ."

ಸಿದ್ದೇಶ್ ಹೋದ. ಹೋಗದೆ ಏನು ಮಾಡಬೇಕಿತ್ತು? ಮೋಟರು ಸರಿ ಮಾಡಿದ. ಅವರ ನಲ್ಲಿಗಳಲ್ಲಿ ನೀರು ಬಂತು. ಅವನು ಮೆಟ್ಟಿಲು ಇಳಿಯುವಾಗ ಸ್ಕೂಲ್ ಬ್ಯಾಗಿನ ಮಕ್ಕಳು, "ಚಡ್ಡಿ ಅಂಕಲ್, ಚಡ್ಡಿ ಅಂಕಲ್" ಅಂತ ಕೂಗಿದವು. ಒಬ್ಬ ತಾಯಿ, "ಶ್, ಹಾಗೆಲ್ಲ ಅನ್ನಬಾರದು" ಅಂದಳಂತೆ. ನಗುತ್ತ ಅಂದಳಂತೆ.

"ಇದನ್ನೆಲ್ಲ ಪೊಲೀಸ್ನೋರ ಎದುರಿಗೆ ಹೇಳ್ತೀರಾ?" ಪ್ರೀತಿ ಕೇಳಿದಳು.

ಕೆಂಪಯ್ಯ ಕುಡಿಯದ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿದ. "ಈ ವಯಸ್ಸಿಗೆ ಇನ್ನೆಲ್ಲಿ ಕೆಲಸ ಕೊಟ್ಟಾರವ್ವ," ಅಂದು ಎದ್ದು ಹೋದ.

*

ಪ್ರೀತಿ ಅಪಾರ್ಟ್‌ಮೆಂಟಿಗೆ ಹೋದಳು. ಗೇಟಿನಲ್ಲೇ ತಡೆದರು. ಠಾಣೆಗೆ ಹೋದಳು. ಕೇಸ್ ಕ್ಲೋಸ್ ಆಗಿದೆ, ನಿಮ್ಮತ್ತೇನೇ ಹೆಬ್ಬೆಟ್ಟು ಒತ್ತವ್ರೆ ಅಂದರು. ಪಕ್ಕದ ಮನೆಯ ಆಟೋ ಮಹದೇವಸ್ವಾಮಿ ದಲಿತ ಸಂಘದವನು. ಅವನು ಅವಳನ್ನು ಕೂರಿಸಿಕೊಂಡು ಕಮಿಷನರ್ ಆಫೀಸಿಗೂ ಹೋಗಿ ಬಂದ. ಅರ್ಜಿ ಇಸಿದುಕೊಂಡರು. ಇಸಿದುಕೊಳ್ಳುವುದರಲ್ಲಿ ನಮ್ಮ ಸರ್ಕಾರಕ್ಕೆ ಯಾವತ್ತೂ ಬೇಜಾರಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಕಾರು ಓಣಿಯ ತುದಿಯವರೆಗೂ ಬಂದು, ಮುಂದೆ ಬರಲಾಗದೆ ನಿಂತಿತು. ಇಳಿದವರು ಡಾಕ್ಟರ್ ವಾಗೀಶ. ಮದ್ದು ಕೊಡುವ ಡಾಕ್ಟರಲ್ಲ, ಲೆಕ್ಕ ಹಾಕುವ ಡಾಕ್ಟರು. ರಾಜ್ಯದಲ್ಲಿ ಯಾರು ಯಾರು ತಮ್ಮ ಜೀವ ತಾವೇ ತೆಗೆದುಕೊಳ್ಳುತ್ತಾರೆ, ಯಾವ ವಯಸ್ಸು, ಯಾವ ಕೆಲಸ, ಎಷ್ಟು ಓದು, ಲಕ್ಷಕ್ಕೆ ಎಷ್ಟು ಜನ ಅನ್ನುವುದು ಅವರ ವಿದ್ಯೆ. ಅದರ ಮೇಲೆ ಪುಸ್ತಕ ಬರೆದಿದ್ದರು. ಅವರ ಜೊತೆಗೆ ಟ್ಯಾಬ್ ಹಿಡಿದ ಒಬ್ಬಳು ಹುಡುಗಿ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಮೃದುವಾಗಿ ಮಾತಾಡಿದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಪ್ರೀತಿಗೆ ಬೈಯಲು ಸುಲಭವಾಗುತ್ತಿತ್ತು.

ಮತ್ತೆ ಅದೇ. ಕುಡೀತಿದ್ರಾ? ಮೊದಲೇನಾದ್ರೂ ಪ್ರಯತ್ನ ಮಾಡಿದ್ರಾ? ನಿಮ್ಮಿಬ್ಬರ ಸಂಬಂಧ ಹೇಗಿತ್ತು? ಮನೆಯಲ್ಲಿ ಬೇರೆ ಯಾರಾದ್ರೂ ಹೀಗೆ? ಹುಡುಗಿ ಬೆರಳಿನಿಂದ ಒತ್ತುತ್ತ ಹೋದಳು. ಅಂಗಿ ಬಿಚ್ಚಿಸಿದ್ದನ್ನು ಪ್ರೀತಿ ಹೇಳಿದಳು. ಹುಡುಗಿ ವಾಗೀಶರ ಮುಖ ನೋಡಿ, "ಸರ್, ಇದಕ್ಕೆ ಆಪ್ಷನ್ ಇಲ್ಲ," ಅಂದಳು.

"'ಇತರೆ' ಅಂತ ಹಾಕಮ್ಮ," ಅಂದರು ವಾಗೀಶ.

ಹೊರಡುವ ಮುಂಚೆ ಅವರು ಪ್ರೀತಿಯ ಕಡೆ ಬಾಗಿ ಹೇಳಿದರು. "ನಿಮ್ಮ ಬಗ್ಗೆ ನೀವು ಜೋಪಾನವಾಗಿರಬೇಕಮ್ಮ. ಚಿಕ್ಕ ವಯಸ್ಸು, ಗಂಡ ಇಲ್ಲ, ಮಕ್ಕಳಿಲ್ಲ, ಓದು ಪಿಯುಸಿಗೆ ನಿಂತಿದೆ, ಹಳ್ಳಿ ಬಿಟ್ಟು ಬಂದಿದೀರಿ. ಅಂಕಿಅಂಶದ ಪ್ರಕಾರ ನೀವು ಹೆಚ್ಚಿನ ಅಪಾಯದ ಗುಂಪಿನಲ್ಲಿ ಬರ್ತೀರಿ."

"ಏನಂತೆ ಕಣವ್ವ?" ಮುದ್ದಮ್ಮ ಒಳಗಿನಿಂದ ಕೇಳಿದಳು.

"ಮುಂದ್ಲ ಸರದಿ ನಂದಂತೆ ಅತ್ತೆ," ಅಂದಳು ಪ್ರೀತಿ.

ವಾಗೀಶ ಕೆಮ್ಮಿದರು. ಆಮೇಲೆ ಬಂದ ವಿಷಯ ಹೇಳಿದರು. ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನವರು ಒಂದು ಜಾಗೃತಿ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ. ಆತ್ಮಹತ್ಯೆ ತಡೆಯುವ ಬಗ್ಗೆ. ತಮ್ಮದೇ ಭಾಷಣ. ಸಿದ್ದೇಶ್ ಅವರ ಕುಟುಂಬಕ್ಕೆ ಒಂದು ಹೊಲಿಗೆ ಯಂತ್ರ ಕೊಡುತ್ತಾರೆ. ಪ್ರೀತಿ ಬಂದು ನಾಲ್ಕು ಮಾತಾಡಬೇಕು. "ನಿಮ್ಮ ನೋವು ಕೇಳಿದ್ರೆ ಒಂದು ಜೀವ ಉಳಿದರೂ ಉಳೀಬಹುದು."

ವಿಷಯ ತಿಳಿದು ಮಹದೇವಸ್ವಾಮಿ ಸಿಟ್ಟಿನಿಂದ ಕುಣಿದಾಡಿದ. "ಬಟ್ಟೆ ಬಿಚ್ಚಿಸ್ದೋರು ಈಗ ಬಟ್ಟೆ ಹೊಲಿಯೋ ಮಿಷಿನ್ ಕೊಡ್ತಾರಂತಾ? ಉಗ್ದು ಕಳ್ಸು ಕಣಮ್ಮ."

"ನಾನಾಗೇ ಹೋದಾಗ ಗೇಟಲ್ಲಿ ತಡುದ್ರು ಕಣಣ್ಣ," ಅಂದಳು ಪ್ರೀತಿ. "ಈಗ ಅವ್ರೇ ಕರೀತಾವ್ರೆ. ಹೋಯ್ತೀನಿ."

*

ಕ್ಲಬ್‌ಹೌಸ್ ಲಾಬಿಯ ಪಕ್ಕದಲ್ಲೇ. ನಡುವೆ ಗಾಜಿನ ಬಾಗಿಲು. ಒಳಗೆ ಎ.ಸಿ. ಸಾಲಾಗಿ ಬಿಳಿ ಬಟ್ಟೆ ತೊಡಿಸಿದ ಕುರ್ಚಿಗಳು. ಹಿಂದಿನ ಮೇಜಿನ ಮೇಲೆ ಕಾಫಿ, ಬೋಂಡಾ, ಮೈಸೂರು ಪಾಕು. ವೇದಿಕೆಯ ಪಕ್ಕದಲ್ಲಿ ಹೊಲಿಗೆ ಯಂತ್ರ. ಅದಕ್ಕೆ ಹಾರ ಹಾಕಿದ್ದರು. ಸಿದ್ದೇಶನ ಫೋಟೋ ಎಲ್ಲೂ ಇರಲಿಲ್ಲ.

ಪ್ರಾರ್ಥನೆಯಾಯಿತು. ದೀಪ ಹಚ್ಚಿದರು. ಶಿವಪ್ರಕಾಶ್ ಸ್ವಾಗತ ಭಾಷಣ ಮಾಡಿದ. ತೆಳುನೀಲಿ ಜುಬ್ಬಾ, ಹಣೆಯ ಮೇಲೆ ಚಾಮುಂಡಿಬೆಟ್ಟದ ಕುಂಕುಮ. "ನಮ್ಮದು ಒಂದು ಕುಟುಂಬ ಇದ್ದ ಹಾಗೆ," ಅಂದ. ಪ್ರೀತಿ ಅವನ ಕೈಗಳನ್ನು ನೋಡಿದಳು. ಉಂಗುರದ ಕೈಗಳು. ಆ ಕೈಗಳು ಸಿದ್ದೇಶನನ್ನು ಮುಟ್ಟಿರಲಿಲ್ಲ. ಮುಟ್ಟಲೂ ಅವನಿಗೆ ಇನ್ನೊಬ್ಬ ಬೇಕಾಗಿದ್ದ.

ವಾಗೀಶ ಪರದೆಯ ಮೇಲೆ ಚಿತ್ರ ತೋರಿಸಿದರು. ಜಿಲ್ಲೆ ಜಿಲ್ಲೆಗೆ ಬೇರೆ ಬಣ್ಣ. ಉದ್ದುದ್ದ ಕಂಬಗಳು. ಕೆಂಪು ಕಂಬ ಸಂಸಾರದ ಸಮಸ್ಯೆ, ನೀಲಿ ಕಂಬ ಕಾಯಿಲೆ, ಹಸಿರು ಕಂಬ ಕುಡಿತ. ಕೂಲಿ ಮಾಡುವವರದು ಎತ್ತರದ ಕಂಬ. ಮನೆಯಲ್ಲಿರುವ ಹೆಂಗಸರದು ಅದರ ಪಕ್ಕದ ಕಂಬ. ಜನ ತಲೆಯಾಡಿಸಿದರು. ಒಬ್ಬರು ಫೋಟೋ ತೆಗೆದುಕೊಂಡರು. ಒಬ್ಬ ಹಿರಿಯರು, "ಈಗಿನೋರಿಗೆ ಸಹನೆ ಕಡಿಮೆ," ಅಂದರು. ಬೋಂಡಾದ ವಾಸನೆ ಮುಂದಿನ ಸಾಲಿನವರೆಗೂ ಬರುತ್ತಿತ್ತು.

ಶಿವಪ್ರಕಾಶ್ ಪ್ರೀತಿಯನ್ನು ಕರೆದ. ಶಾಲು ಹೊದಿಸಿದರು. ಅವನು ಮೆಲ್ಲಗೆ ಒಂದು ಚೀಟಿ ಕೈಗಿಟ್ಟ. "ಇದನ್ನ ಓದ್ಬಿಡಮ್ಮ, ಸಾಕು." ನನ್ನ ಪತಿ ಅನಾರೋಗ್ಯದಿಂದ ಮನನೊಂದು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಅಸೋಸಿಯೇಷನ್ನಿಗೆ ನಾನು ಚಿರಋಣಿ.

ಪ್ರೀತಿ ಚೀಟಿಯನ್ನು ಹೊಲಿಗೆ ಯಂತ್ರದ ಮೇಲಿಟ್ಟಳು. ಶಾಲನ್ನೂ ತೆಗೆದು ಅದರ ಮೇಲೆ ಹಾಕಿದಳು. ಪರದೆಯ ಕಡೆ ತಿರುಗಿದಳು.

"ಸಾರ್, ಇದ್ರಲ್ಲಿ ನನ್ ಗಂಡ ಯಾವ ಕಂಬದಾಗವ್ರೆ?"

ವಾಗೀಶ ತಡವರಿಸಿದರು. "ಅದು ಹಾಗೆ ಒಬ್ಬೊಬ್ಬರದು ಹೇಳಕ್ಕಾಗಲ್ಲಮ್ಮ. ಪೊಲೀಸ್ ದಾಖಲೆಯ ಪ್ರಕಾರ... ಕಾಯಿಲೆ. ನೀಲಿ."

"ನೀಲಿ," ಅಂದಳು ಪ್ರೀತಿ. "ಹೊಟ್ಟೆನೋವು."

ಯಾರೋ ಕುರ್ಚಿ ಸರಿಸಿದರು.

"ಅವರಿಗೆ ಹೊಟ್ಟೆನೋವಿರಲಿಲ್ಲ. ಇಲ್ಲೇ, ಈ ಗಾಜಿನ ಬಾಗ್ಲಾಚೆ, ಲಿಫ್ಟ್ ಮುಂದೆ ಬಟ್ಟೆ ಬಿಚ್ಚಿಸಿ ನಿಲ್ಸುದ್ರಿ. ನೀವೇ, ಸೆಕ್ರೆಟರಿ ಸಾರ್. ಇಲ್ಲಿ ಕೂತಿರೋರೆಲ್ಲ ಫೋನಲ್ಲಿ ನೋಡಿದ್ದೀರಿ. ನೋಡಿಲ್ಲ ಅನ್ನೋರು ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ.

"ಕೂತ್ಕೊಳಮ್ಮ, ಇದು ಅದಕ್ಕೆ ವೇದಿಕೆ ಅಲ್ಲ," ಅಂದ ಶಿವಪ್ರಕಾಶ್.

"ಯಾಕ್ ಸಾಯ್ತಾರೆ ಅಂತ ತಿಳ್ಕೊಬೇಕು ಅಂತ ಬಂದಿದ್ದೀರಲ್ಲ. ನಾನು ತಿಳಿಸ್ತೀನಿ. ಗಂಡಸ್ರು ಎಲ್ಲಾ ಎದ್ದು ಆಚೆ ಬನ್ನಿ. ಲಿಫ್ಟ್ ಮುಂದೆ. ಅಂಗಿ ಬಿಚ್ಚಿ. ಪ್ಯಾಂಟೂ ಬಿಚ್ಚಿ. ನಿಮ್ ಮಕ್ಕಳು ಬರೋವರ್ಗೂ ಅಂಗೇ ನಿಂತ್ಕಳಿ. ನಿಮ್ ಹೆಂಡ್ರು ನೋಡ್ಲಿ. ನಾನು ಫೋನಲ್ಲಿ ಹಿಡೀತೀನಿ. ನಾಳೆ ಎದ್ದು ಅದೇ ಮಕ್ಕಳಿಗೆ ನೀರು ಬಿಡಕ್ಕೆ ಬನ್ನಿ. ಆಮೇಲೆ ಹೇಳಿ, ಎಲ್ಲಿ ನೋಯ್ತದೆ ಅಂತ. ಹೊಟ್ಟೇಲಾ?"

"ಮೈಕ್ ಆಫ್ ಮಾಡ್ರೀ!"

ಮೈಕ್ ಆಫಾಯಿತು. ಮೆಸ್ಸಿನ ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ಗಂಟಲು ಅವಳದು. ಅದಕ್ಕೆ ಮೈಕು ಬೇಕಿರಲಿಲ್ಲ.

"ಯಾಕೆ, ನಾಚಿಕೆಯಾ? ಅವರಿಗೂ ಆಯ್ತು ಸಾರ್. ನಿಮಗೆ ಇರೋದು ಅವರಿಗೆ ಇರಲ್ಲ ಅನ್ಕೊಂಡ್ರಿ. ನಮ್ಮ ಜನದ ರಕ್ತದಲ್ಲಿ ಕೈಚಳಕ ಐತೆ ಅಂದ್ರಂತೆ. ನಿಮ್ಮ ರಕ್ತದಲ್ಲಿ ಏನೈತೆ, ಬಿಚ್ಚಿ, ನೋಡಾಣ."

ಜನ ಎದ್ದರು. ಅಂಗಿ ಬಿಚ್ಚಲು ಅಲ್ಲ, ಹೋಗಲು. ಒಬ್ಬ ಹೆಂಗಸು, "ಎಂಥ ಭಾಷೆ," ಅಂದಳು. ಗಂಡನ ಬಟ್ಟೆ ಬಿಚ್ಚಿಸಿದ್ದಕ್ಕಿಂತ ಹೆಂಡತಿ ಆ ಮಾತನ್ನು ಆಡಿದ್ದು ಅವರಿಗೆ ಹೆಚ್ಚು ಅಸಹ್ಯವಾಗಿತ್ತು. ಶಿವಪ್ರಕಾಶ್ ಬಾಗಿಲ ಕಡೆ ತಿರುಗಿ ಕಿರುಚಿದ. "ಕೆಂಪಯ್ಯ! ಈವಮ್ಮನ್ನ ಆಚೆ ಹಾಕೋ!"

ಕೆಂಪಯ್ಯ ಗಾಜಿನ ಬಾಗಿಲಿನ ಬಳಿ ನಿಂತಿದ್ದ. ಒಳಗೆ ಬಂದ. ಪ್ರೀತಿಯ ಹತ್ತಿರ ಹೋಗಲಿಲ್ಲ. ಮೊದಲ ಸಾಲಿನ ಕುರ್ಚಿಯ ಮೇಲೆ ಟೋಪಿ ಇಟ್ಟ. ಬೆಲ್ಟು ಬಿಚ್ಚಿದ. ಆಮೇಲೆ ಒಂದೊಂದೇ ಗುಂಡಿ ತೆಗೆದು ಸೆಕ್ಯುರಿಟಿಯ ಅಂಗಿಯನ್ನು ಬಿಚ್ಚಿದ. ಒಳಗಿನ ಬನಿಯನ್ನಿನಲ್ಲಿ ತೂತುಗಳಿದ್ದವು. ಅದನ್ನೂ ತೆಗೆದ. ಎದೆಯ ಬಿಳಿಗೂದಲು, ಎದ್ದು ಕಾಣುವ ಪಕ್ಕೆಲುಬು. ಎ.ಸಿ. ಗಾಳಿಗೆ ಅವನ ಮೈ ಸಣ್ಣಗೆ ನಡುಗಿತು.

"ಈ ಕೈನಾಗೇ ತಡಕಾಡಿದ್ದು," ಅಂದ. "ನೀವು ಹೇಳುದ್ರಿ, ನಾನು ಮಾಡ್ದೆ. ಏನಂದ್ರಿ ಅನ್ನೋದನ್ನೂ ಕೇಳ್ಸಿಕೊಂಡಿವ್ನಿ. ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ತೀನಿ. ನಿಮ್ ಕೆಲ್ಸ ನೀವೇ ಇಟ್ಕಳಿ."

ಪರದೆಯ ಮೇಲೆ ಬಣ್ಣದ ಕಂಬಗಳು ನಿಂತೇ ಇದ್ದವು.

ವಾಗೀಶ ಪ್ರೀತಿಯ ಬಳಿ ಬಂದರು. ಅವರ ಕಣ್ಣಲ್ಲಿ ನೀರಿತ್ತು. ಸುಳ್ಳು ನೀರೇನಲ್ಲ. "ಅಮ್ಮ, ನೀವು ತುಂಬಾ ಉದ್ವೇಗದಲ್ಲಿದೀರಿ. ಇವತ್ತು ರಾತ್ರಿ ಒಬ್ಬರೇ ಇರಬೇಡಿ. ಈ ನಂಬರಿಗೆ ಫೋನ್ ಮಾಡಿ."

"ನಾನು ಸಾಯಲ್ಲ ಸಾರ್," ಅಂದಳು ಪ್ರೀತಿ. "ನಿಮ್ ಲೆಕ್ಕ ಕೆಡ್ಸಕ್ಕಾದ್ರೂ ಬದುಕ್ತೀನಿ."

ಗೇಟಿನ ಹತ್ತಿರ ಚಾಮುಂಡೇಶ್ವರಿ ಓಡಿ ಬಂದರು. ಏದುಸಿರು. "ನನ್ನ ಮೇಲೆ ತಪ್ಪು ತಿಳ್ಕೊಬೇಡಮ್ಮ. ಬ್ರೇಸ್‌ಲೆಟ್ ಸಿಕ್ಕಿದ ತಕ್ಷಣ ನಾನು ಗ್ರೂಪಲ್ಲಿ ಹಾಕಿದ್ದೆ. ಸಿಕ್ತು ಅಂತ. ಕೈಮುಗಿಯೋ ಚಿತ್ರಾನೂ ಹಾಕಿದ್ದೆ."

"ಅವರಿಗೆ ಹೇಳುದ್ರಾ?"

ಚಾಮುಂಡೇಶ್ವರಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಅವನು ಗ್ರೂಪಲ್ಲಿ ಇರ್ಲಿಲ್ವಲ್ಲಮ್ಮ," ಅಂದರು.

*

ಅಲ್ಲಿಂದ ಸೀದಾ ಠಾಣೆಗೆ. ಮಹದೇವಸ್ವಾಮಿಯ ಆಟೋದಲ್ಲಿ ಪ್ರೀತಿ, ಅವಳ ಪಕ್ಕ ಮಹದೇವಸ್ವಾಮಿಯ ಟವೆಲು ಹೊದ್ದ ಕೆಂಪಯ್ಯ. ಪ್ರೀತಿ ಫೋನ್ ಮಾಡಿದ್ದಕ್ಕೆ ಮುದ್ದಮ್ಮ ಅಷ್ಟರಲ್ಲಿ ಬೋಗಾದಿಯಿಂದ ಬಸ್ಸಿನಲ್ಲಿ ಬಂದು ಮೆಟ್ಟಿಲ ಮೇಲೆ ಕೂತಿದ್ದಳು.

ಲೋಕೇಶ್ ಎಲ್ಲವನ್ನೂ ಕೇಳಿಸಿಕೊಂಡ. ಕಿವಿ ಕೆರೆದುಕೊಂಡ. "ಅಜ್ಜಿ, ಅವತ್ತು ನೀನೇ ತಾನೆ ಹೆಬ್ಬೆಟ್ಟು ಒತ್ತಿದ್ದು? ಯಾರ ಮೇಲೂ ಅನುಮಾನ ಇಲ್ಲ ಅಂತ?"

"ಒತ್ತಿದ್ದೆ ಕಣಪ್ಪ," ಅಂದಳು ಮುದ್ದಮ್ಮ. "ನನ್ ಮಗನ್ನ ಈಸ್ಕಳಕ್ಕೆ ಒತ್ತಿದ್ದೆ. ಹೆಣ ಅಡವಿಟ್ಕಂಡು ಒತ್ತಿಸ್ಕಂಡೆ ನೀನು. ಈಗ ನನ್ ತಾವ ಕಿತ್ಕಳಕ್ಕೆ ಏನೈತೆ ನಿಂಗೆ? ಕಿತ್ಕೋ, ನೋಡಾಣ."

ಠಾಣೆಯಲ್ಲಿದ್ದವರೆಲ್ಲ ಈ ಕಡೆ ತಿರುಗಿದರು. ಲೋಕೇಶನ ಕಿವಿ ಕೆಂಪಾಯಿತು. ಸಾಹೇಬ್ರು ಇಲ್ಲ, ನಾಳೆ ಬನ್ನಿ ಅಂದ. ಅವರು ಏಳಲಿಲ್ಲ. ಮುದ್ದಮ್ಮ ಎಲೆಅಡಿಕೆ ಹಾಕಿಕೊಂಡು ಮೆಟ್ಟಿಲ ಮೇಲೆ ಕಾಲು ಚಾಚಿದಳು. ಸಂಜೆಗೆ ಸಂಘದವರು ಬಂದರು. ಮೆಸ್ಸಿನ ಹೆಂಗಸರು ಕೆಲಸ ಮುಗಿಸಿ, ಕೈಗೆ ಮೆತ್ತಿದ ಹಿಟ್ಟಿನ ಸಮೇತ ಬಂದರು. ಮಾರನೆಯ ದಿನ ಇನ್ನಷ್ಟು ಜನ. ಅದರ ಮಾರನೆಯ ದಿನ ಸಾಹೇಬರು ಬಂದರು, ಕೆಂಪಯ್ಯನ ಮಾತು ಕೇಳಿದರು, ಓನರ್‌ಗಳ ಗ್ರೂಪಿನಿಂದ ಹೊರಬಿದ್ದ ವಿಡಿಯೋ ನೋಡಿದರು. ಸಾಯಲು ಪ್ರಚೋದಿಸಿದ್ದು, ದೌರ್ಜನ್ಯ ತಡೆ ಕಾಯ್ದೆ, ಎರಡೂ ಹಾಕಿ ಶಿವಪ್ರಕಾಶನ ಹೆಸರಿನಲ್ಲಿ ಕೇಸು ದಾಖಲಾಯಿತು.

ಆಕಾಶ ಬೀಳಲಿಲ್ಲ. ಶಿವಪ್ರಕಾಶ್ ನಿರೀಕ್ಷಣಾ ಜಾಮೀನು ತಂದ. ಸೆಕ್ರೆಟರಿ ಕುರ್ಚಿ ಬಿಟ್ಟ, ಆ ಕುರ್ಚಿಗೆ ಅವನ ಭಾಮೈದ ಬಂದ. ತೊಟ್ಟಿಗೆ ಇಳಿಯಲು ಇನ್ನೊಬ್ಬ ಸಿಕ್ಕಿದ. ಕೆಂಪಯ್ಯನಿಗೆ ಕೆಲಸ ಹೋಯಿತು. "ಅವರಿಗೋಸ್ಕರ ನಮ್ಮೋರ ಮೇಲೆ ಸಾಕ್ಷಿ ಹೇಳ್ದ" ಅಂತ ಅವನ ಊರಿನಲ್ಲಿ ಉಗಿದರು. ಈಗ ಬೋಗಾದಿಯಲ್ಲಿ ಏಳುತ್ತಿರುವ ಒಂದು ಕಟ್ಟಡದ ಸಿಮೆಂಟು ಕಾಯುತ್ತಾನೆ. ಆದರೂ ಮ್ಯಾಜಿಸ್ಟ್ರೇಟರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ತನ್ನ ಕೈ ಮಾಡಿದ್ದನ್ನೂ ಬಿಡದೆ ಹೇಳಿದ. ಆ ವರ್ಷದ ಸರ್ಕಾರಿ ವರದಿ ಹೊರಬಂದಾಗ ಅದರಲ್ಲಿ ನೀಲಿ ಕಂಬ ಒಂದು ಕೂದಲಿನಷ್ಟೂ ಗಿಡ್ಡವಾಗಿರಲಿಲ್ಲ. ಡಾಕ್ಟರ್ ವಾಗೀಶ ಅದರ ಮೇಲೆ ಇನ್ನೊಂದು ಲೇಖನ ಬರೆದರು.

ಪ್ರೀತಿಯನ್ನು ಹಳೇ ಮೆಸ್ಸಿನವನು ಕೆಲಸದಿಂದ ಬಿಡಿಸಿದ. ಪೇಪರಿನಲ್ಲಿ ಫೋಟೋ ಬಂದವಳು ಅಡುಗೆ ಮನೆಗೆ ಆಗಿಬರುವುದಿಲ್ಲವಂತೆ. ಕುವೆಂಪುನಗರದಲ್ಲಿ ಇನ್ನೊಂದು ಹಾಸ್ಟೆಲ್ಲು, ಇನ್ನೊಂದು ಮೆಸ್ಸು. ಅದೇ ಕಾವಲಿ, ಅದೇ ಚಪಾತಿ. ರಾತ್ರಿ ಮುದ್ದಮ್ಮನ ಪಕ್ಕ ಮಲಗಿದಾಗ ಒಂದೊಂದು ದಿನ ಎದೆಯೊಳಗೆ ಏನೋ ಕಪ್ಪಗೆ ಕೂರುತ್ತಿತ್ತು. ಇಬ್ಬರಿಗೂ ಕೂರುತ್ತಿತ್ತು. ಆಗ ಒಬ್ಬರನ್ನೊಬ್ಬರು ಎಬ್ಬಿಸಿ ಕೂರಿಸಿಕೊಂಡು ಮಾತಾಡುತ್ತಿದ್ದರು. ಹೆಚ್ಚಾಗಿ ಬೈಗುಳ. ಶಿವಪ್ರಕಾಶನಿಂದ ಶುರುವಾಗಿ ಅವನ ಏಳು ತಲೆಮಾರಿನವರೆಗೂ ಮುದ್ದಮ್ಮ ಬೈಯುತ್ತಿದ್ದಳು. ಬೈದು ಬೈದು ಕಡೆಗೆ ಇಬ್ಬರೂ ನಗುತ್ತಿದ್ದರು. ನಕ್ಕು ನಿದ್ದೆ ಹೋಗುತ್ತಿದ್ದರು.

ಹೊಸ ಮೆಸ್ಸಿನಲ್ಲಿ ಅವಳ ಪಕ್ಕ ಹಿಟ್ಟು ನಾದುವವಳು ಬಸವಮ್ಮ. ಎಚ್.ಡಿ. ಕೋಟೆ ಕಡೆಯವಳು. ಕೆಲಸಕ್ಕೆ ಸೇರಿದ ವಾರದಲ್ಲೇ ಒಂದು ಮಧ್ಯಾಹ್ನ, ಪ್ರೀತಿಯ ಬೋಳು ಕೊರಳು ನೋಡಿ ಕೇಳಿದಳು.

"ಇಷ್ಟು ಚಿಕ್ಕ ವಯಸ್ಗೇ... ಏನಾಗಿತ್ತವ್ವ ನಿನ್ ಗಂಡಂಗೆ?"

ಪ್ರೀತಿ ಕಾವಲಿಯ ಮೇಲಿನ ಚಪಾತಿ ತಿರುವಿದಳು.

"ಏನೂ ಆಗಿರಲಿಲ್ಲ ಕಣಕ್ಕ. ಗಟ್ಟಿಮುಟ್ಟಾಗಿದ್ರು. ಬಟ್ಟೆ ಬಿಚ್ಚಿಸಿ, ಕಳ್ಳ ಅಂದು, ಸಾಯ್ಸುದ್ರು. ಕೇಸು ನಡೀತದೆ. ಬುಧವಾರ ಕೋರ್ಟ್ ಐತೆ. ಅವ್ನ ಕಡೆಯೋರು ಕಾರಲ್ಲಿ ತುಂಬ್ಕೊಂಡ್ ಬತ್ತಾರೆ. ನಮ್ ಕಡೆ ನಾನು, ನಮ್ಮತ್ತೆ, ಇಬ್ರು ಗಂಡಸ್ರು, ಅಷ್ಟೇ."

ಬಸವಮ್ಮನ ಕೈ ಹಿಟ್ಟಿನೊಳಗೇ ನಿಂತಿತು. ಅವಳಿಗೊಬ್ಬ ತಂಗಿ ಇದ್ದಳು. ಮೂರು ವರ್ಷದ ಹಿಂದೆ ಹೋದವಳು. ಅವಳಿಗೂ ಹೊಟ್ಟೆನೋವು ಅಂತಲೇ ಬರೆದಿದ್ದರು. ಅದನ್ನು ಬಸವಮ್ಮ ಈವರೆಗೆ ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಕೈ ಮೇಲಕ್ಕೆತ್ತಿ, ಬೆರಳಿಗೆ ಮೆತ್ತಿದ್ದ ಹಿಟ್ಟನ್ನು ಕೆರೆದು ಬೋಗುಣಿಗೆ ಹಾಕಿದಳು.

"ಬುಧವಾರ ಎಷ್ಟೊತ್ಗೆ ಹೊರಡ್ಬೇಕು?" ಅಂದಳು.